ಹಿಂದಿನ ಸಾಲಿನ ಪಾಳಿ

ಗಾಡಿಯಲ್ಲಿ ಏಳು ಸೀಟು. ಹೊರಟವರು ಒಂಬತ್ತು ಮಂದಿ. ಕಳೆದ ಎಳ್ಳಮಾವಾಸ್ಯೆ ಮುಗಿದ ವಾರ, ಇಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಈ ಒಂದು ಲೆಕ್ಕ ಬಿಡಿಸಲು ಇಡೀ ಸಂಜೆ ಹೋಯಿತು. ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಕೂಡಿಸಿ ಕಳೆದು ಬಂದವನು ನಾನು. ಆದರೂ ಏಳರಲ್ಲಿ ಒಂಬತ್ತನ್ನು ಕೂಡಿಸುವ ಉಪಾಯ ನನಗೂ ತಿಳಿಯಲಿಲ್ಲ.

ಹುಬ್ಬಳ್ಳಿಯಿಂದ ಮಗ, ಸೊಸೆ, ಅವರ ಇಬ್ಬರು ಮಕ್ಕಳು ಹೊಸದಾಗಿ ಕೊಂಡ ಮೂರು ಸಾಲಿನ ದೊಡ್ಡ ಗಾಡಿಯಲ್ಲಿ ಬಂದಿದ್ದರು. ಸೊಲ್ಲಾಪುರದಿಂದ ಮಗಳು ತನ್ನ ಏಳು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಮನೆಯಲ್ಲಿ ನಾನು, ನನ್ನ ಹೆಂಡತಿ, ಎಂಬತ್ತು ದಾಟಿದ ನನ್ನ ಅಕ್ಕ. ಅಕ್ಕನಿಗೆ ಬಹಳ ದಿನದ ಆಸೆ ಒಂದಿತ್ತು. ತಾನು ಮದುವೆಯಾಗಿ ಹೋದ ಮುದ್ದೇಬಿಹಾಳದ ಮನೆಯನ್ನು ಒಮ್ಮೆ ನೋಡಬೇಕು, ಬರುವಾಗ ಬಾಗೇವಾಡಿ ಬಸವಣ್ಣನಿಗೆ ಹಣೆ ಹಚ್ಚಿ ಬರಬೇಕು. ದಾರಿಯಲ್ಲಿ ಸಿಂದಗಿ ಬರುತ್ತದೆ. ಅದು ನನ್ನ ಹೆಂಡತಿಯ ತವರು. ಹೀಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಅಲ್ಲಿಂದ ವಿಜಯಪುರದ ಮೇಲೆ ಮತ್ತೆ ಇಂಡಿ ಎಂದು 200 ಕಿಲೋಮೀಟರಿಗೂ ಹೆಚ್ಚಿನ ಒಂದು ಸುತ್ತು ಗೊತ್ತಾಯಿತು.

ಮಕ್ಕಳೇ, ಈ ನಾಲ್ಕು ಹೆಸರುಗಳನ್ನು ನೆನಪಿಡಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ನಮ್ಮ ಜಿಲ್ಲೆಗೆ ಉಳಿದದ್ದು ಐದೇ ತಾಲ್ಲೂಕು. ವಿಜಯಪುರ ಒಂದು, ಈ ನಾಲ್ಕು ಸೇರಿ ಐದು. ಈಗ ಚಡಚಣ, ತಾಳಿಕೋಟಿ, ದೇವರ ಹಿಪ್ಪರಗಿ, ನಿಡಗುಂದಿ ಮುಂತಾದ ಹೊಸ ತಾಲ್ಲೂಕುಗಳೂ ಆಗಿವೆ. ಆದರೆ ನನ್ನಂಥ ಹಳಬರ ಬಾಯಲ್ಲಿ ಇನ್ನೂ ಆ ಐದೇ.

“ಸಣ್ಣವರಿಬ್ಬರನ್ನ ತೊಡಿ ಮ್ಯಾಲ ಕೂಡ್ಸ್ಕೊಂಡ್ರ ಆತಲ್ಲ,” ಎಂದೆ ನಾನು. ನಮ್ಮ ಕಾಲದಲ್ಲಿ ಚಕ್ಕಡಿಯಲ್ಲಿ ಎಷ್ಟು ಮಂದಿ ಎಂದು ಯಾರೂ ಎಣಿಸುತ್ತಿರಲಿಲ್ಲ. ಎತ್ತುಗಳು ಎಳೆದಷ್ಟು ಮಂದಿ. ಆಮೇಲೆ ಬಂದ ಜೀಪು, 1994ರ ಟಾಟಾ ಸುಮೊ, 2000ದಲ್ಲಿ ಬಂದ ಕ್ವಾಲಿಸ್, ಇಂದಿಗೂ ನಮ್ಮ ಹಳ್ಳಿಗಳ ನಡುವೆ ಓಡುವ ಕ್ರೂಸರ್, ಎಲ್ಲದರಲ್ಲೂ ಅದೇ ರೂಢಿ ಮುಂದುವರಿಯಿತು.

ಒಂಬತ್ತನೇ ತರಗತಿಯ ಮೊಮ್ಮಗಳು ಒಪ್ಪಲಿಲ್ಲ. “ಮುತ್ಯಾ, ಚಕ್ಕಡಿ ತಾಸಿಗಿ ನಾಕ್ ಕಿಲೋಮೀಟರ್ ಹೋಗ್ತದ. ಇದು ಅರವತ್ತು ಹೋಗ್ತದ. ಬೆಲ್ಟ್ ಏಳೇ ಅದಾವ, ಏಳ ಮಂದಿನೇ ಕೂಡಬೇಕು,” ಎಂದಳು. ಅವಳು ಹೇಳಿದ್ದು ಕಾನೂನೂ ಹೌದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ತೊಡೆಯ ಮೇಲಿನ ಮಗುವನ್ನು ಕೈಯಿಂದ ಹಿಡಿದಿದ್ದೇವೆ ಎನ್ನುವುದು ನಮ್ಮ ಭ್ರಮೆ. ಗಾಡಿ ಗಕ್ಕನೆ ನಿಂತರೆ ಯಾವ ಕೈಗೂ ಆ ಹಿಡಿತ ಇರುವುದಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ, “ನಾ ಮನ್ಯಾಗ ಇರ್ತೀನ್ರಿ, ನೀವೆಲ್ಲಾ ಹೋಗಿ ಬರ್ರಿ,” ಎಂದಳು. ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಾಳೋ! ಜಾಗ ಸಾಲದಾಗಲೆಲ್ಲ ಮೊದಲು ಉಳಿಯುವವಳು ಅವಳೇ. “ತವರುಮನಿ ದಾರ್ಯಾಗ ಬರ್ತದ, ಆಯಿನೇ ಬಿಟ್ಟು ಹೋಗೂದಾ? ಆಯಿ ಬರಲಿಲ್ಲ ಅಂದ್ರ ನಾನೂ ಬರೂದಿಲ್ಲ,” ಎಂದು ಮೊಮ್ಮಗಳು ಹಟ ಹಿಡಿದಳು.

ದಾರಿ ತೋರಿಸಿದವಳು ಸೊಸೆ. “ಇಬ್ಬರು ಬಸ್ಸಿನ್ಯಾಗ ಬರೂಣು ಮಾವಾರ. ಊರಿಂದ ಊರಿಗಿ ಇಬ್ಬಿಬ್ಬರ ಪಾಳಿ.” 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಬಸ್ಸೆಂದ ಕೂಡಲೇ ಹುಡುಗರಿಬ್ಬರೂ ತಾವು ತಾವೆಂದು ಮುಂದೆ ಬಂದರು. ನಾನು ಒಂದು ಕಾಗದ ತೆಗೆದು ಖಾನೆಗಳನ್ನು ಎಳೆದೆ: ಡ್ರೈವರ್ ಒಬ್ಬ, ಮುಂದಿನ ಸೀಟಿಗೆ ಒಬ್ಬರು, ನಡುವಿನ ಸಾಲಿಗೆ ಮೂವರು, ಹಿಂದಿನ ಸಾಲಿಗೆ ಇಬ್ಬರು, ಬಸ್ಸಿಗೆ ಇಬ್ಬರು. ಒಟ್ಟು ಒಂಬತ್ತು. ಲೆಕ್ಕ ಸರಿಹೋಯಿತು.

ಡ್ರೈವರ್ ಖಾನೆಯಲ್ಲಿ ನಾಲ್ಕೂ ಸಲ ನನ್ನ ಹೆಸರನ್ನೇ ಬರೆದೆ. ಮಗ, “ನಾ ಹೊಡೀತೀನಿ ಅಪ್ಪಾ,” ಎಂದ. “ಈ ದಾರಿ ನಿನಗೇನ್ ಗೊತ್ತು?” ಎಂದೆ. 55 ದಾಟಿದವರ ಲೈಸೆನ್ಸನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯರ ಪ್ರಮಾಣಪತ್ರ ಕೊಡಬೇಕು. ನನ್ನದು ನವೀಕರಣವಾಗಿ ಇನ್ನೂ ವರ್ಷವಾಗಿರಲಿಲ್ಲ. ಆ ಕಾಗದದ ಧೈರ್ಯ ನನಗೆ.

ರವಿವಾರ ಬೆಳಿಗ್ಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಕಟ್ಟಿದ್ದಾಯಿತು. ಆಗ ಮೂರು ಸಾಲಿನ ಗಾಡಿಯ ಮೊದಲ ಗುಟ್ಟು ಗೊತ್ತಾಯಿತು. ಹಿಂದಿನ ಸಾಲನ್ನು ಎತ್ತಿ ನಿಲ್ಲಿಸಿದರೆ ಸಾಮಾನಿಗೆ ಉಳಿಯುವುದು ಒಂದು ಗೇಣು ಜಾಗ. ನೆತ್ತಿಯ ಮೇಲೆ ಕಟ್ಟೋಣವೆಂದರೆ ಭಾರ ಮೇಲಕ್ಕೆ ಏರಿದಷ್ಟೂ ಗಾಡಿ ತಿರುವಿನಲ್ಲಿ ಓಲಾಡುತ್ತದೆ. ಬುತ್ತಿ, ನೀರು, ಅಕ್ಕನ ಔಷಧಿ, ಎರಡು ಚಾದರ, ಇಷ್ಟಕ್ಕೇ ನಿಲ್ಲಿಸಿದೆವು. ಎರಡನೆಯ ಗುಟ್ಟು ಮಗ ತೋರಿಸಿದ. ಡ್ರೈವರ್ ಬಾಗಿಲಿನ ಒಳಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಟೈರಿನ ಗಾಳಿಯ ಅಳತೆ ಇರುತ್ತದೆ. ಇಬ್ಬರು ಹೋಗುವಾಗ ಒಂದು, ತುಂಬಿದ ಗಾಡಿಗೆ ಇನ್ನೊಂದು. ಪಂಪಿನಲ್ಲಿ ತುಂಬಿದ ಗಾಡಿಯ ಅಳತೆಗೆ ಗಾಳಿ ಹಾಕಿಸಿದೆವು.

ಹೊರಡುವ ಮುನ್ನ ಅಕ್ಕ ಹಿತ್ತಲಿನಿಂದ ಹತ್ತು ಲಿಂಬೆಹಣ್ಣು ಹರಿದು ತಂದಳು. ಇಂಡಿಯ ಲಿಂಬೆಯ ಹೆಸರು ನಿಮಗೆ ಗೊತ್ತಿರಬಹುದು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ದಾರಿಯುದ್ದಕ್ಕೂ ಲಿಂಬೆಯ ತೋಟಗಳು, ನಡುನಡುವೆ ಹಿಂಗಾರಿ ಜೋಳ, ತೊಗರಿ, ಕಡಲೆ. ಹೆಂಡತಿ ಮತ್ತು ಮೊಮ್ಮಗಳು ಮೊದಲ ಪಾಳಿಯ ಬಸ್ಸು ಹತ್ತಿದರು. ಹಿಂದಿನ ಸಾಲಿನಲ್ಲಿ ಮಗ ಮತ್ತು ಹನ್ನೊಂದು ವರ್ಷದ ಮೊಮ್ಮಗ ಕೂತರು. ಅಕ್ಕ ನನ್ನ ಪಕ್ಕದಲ್ಲಿ.

ಒಂದೆಡೆ ಅರ್ಧ ರಸ್ತೆಯ ಮೇಲೆ ತೊಗರಿ ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಓಡುವ ಗಾಡಿಗಳ ಚಕ್ರದಿಂದಲೇ ಕಾಳು ಬಿಡಿಸುವ ರಾಶಿ ಇದು. ಹುಡುಗರಿಗೆ ಮೋಜು. ಆದರೆ ಒಣಗಿದ ಕಟ್ಟಿಗೆ, ಹೊಟ್ಟಿನ ಮೇಲೆ ಚಕ್ರ ಜಾರುತ್ತದೆ. ಅಲ್ಲಿ ಬ್ರೇಕ್ ಒತ್ತದೆ, ಮೊದಲೇ ವೇಗ ಇಳಿಸಿ, ನಿಧಾನವಾಗಿ ದಾಟಬೇಕು.

ಸಿಂದಗಿಯಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿ ಚಹಾ ಆಯಿತು. ಬಸ್ಸಿನವರು ನಮಗಿಂತ ಹತ್ತು ನಿಮಿಷ ತಡವಾಗಿ ಬಂದರೂ ಮುಖದಲ್ಲಿ ಜಾತ್ರೆಗೆ ಹೋಗಿ ಬಂದ ಕಳೆ. ಸಿಂದಗಿ ತಾಲ್ಲೂಕಿನ ಯರಗಲ್ಲ ಎಂಬ ಹಳ್ಳಿಯಲ್ಲಿಯೇ 1938ರಲ್ಲಿ ವಿದ್ವಾಂಸರಾದ ಡಾ. ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು. ಶಾಸನ, ವಚನಗಳನ್ನು ಜೀವನವಿಡೀ ಓದಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಅವರ ‘ಮಾರ್ಗ’ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಣ್ಣ ಹಳ್ಳಿಯಿಂದ ಹೊರಟ ದಾರಿ ಎಲ್ಲಿಯವರೆಗೂ ಹೋಗಬಹುದು ಎಂದು ಮೊಮ್ಮಕ್ಕಳಿಗೆ ಹೇಳಿದೆ.

ಎರಡನೆಯ ಪಾಳಿಯಲ್ಲಿ ಸೊಸೆ ಮತ್ತು ಹನ್ನೊಂದರ ಹುಡುಗ ಬಸ್ಸಿಗೆ ಹೋದರು. ಹೆಂಡತಿ ಮತ್ತು ಏಳು ವರ್ಷದ ಸಣ್ಣವ ಹಿಂದಿನ ಸಾಲಿಗೆ ಬಂದರು. ಅಲ್ಲಿಗೆ ಹೋಗಬೇಕೆಂದರೆ ನಡುವಿನ ಸೀಟನ್ನು ಮಡಚಬೇಕು, ಬಗ್ಗಬೇಕು, ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎಳೆದುಕೊಳ್ಳಬೇಕು. ಸೀರೆಯ ನೆರಿಗೆ ಹಿಡಿದು, ಮಂಡಿನೋವಿನ ಅವಳು ಹತ್ತಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ನೋಡಿ ಗಾಡಿ ಚಾಲೂ ಮಾಡಿದೆ, ಅಷ್ಟೇ.

ತಾಳಿಕೋಟಿಯ ದಾರಿಯಲ್ಲಿ ಡೋಣಿ ನದಿಯ ಸೀಮೆ. ಕಣ್ಣು ಹಾಯುವಷ್ಟು ದೂರ ಕರಿ ಎರಿ ನೆಲ. “ಡೋಣಿ ಬೆಳದ್ರ ಓಣೆಲ್ಲಾ ಜೋಳ” ಎಂದು ಅಕ್ಕ ಗಾದೆ ಹೇಳಿದಳು. ನೀರು ಉಪ್ಪು, ನೆಲ ಚಿನ್ನ. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನಿನ ಸುಲ್ತಾನರಿಗೂ ನಡೆದ ಯುದ್ಧವನ್ನು ಪಾಠಪುಸ್ತಕದಲ್ಲಿ ತಾಳಿಕೋಟೆ ಕದನ ಎನ್ನುತ್ತಾರೆ. ಅದೇ ಯುದ್ಧಕ್ಕೆ ರಕ್ಕಸತಂಗಡಿ ಎಂಬ ಹೆಸರೂ ಇದೆ. ಆ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ. ಬಸವಣ್ಣನವರ ಹೆಂಡತಿ ನೀಲಾಂಬಿಕೆ ಐಕ್ಯಳಾದ ಜಾಗವೆಂದು ಭಕ್ತರು ಅಲ್ಲಿಗೆ ಹೋಗುತ್ತಾರೆ.

ಈ ಕಥೆಗಳನ್ನೆಲ್ಲ ನಾನು ಜೋರಾಗಿ ಹೇಳುತ್ತ ಗಾಡಿ ಓಡಿಸುತ್ತಿದ್ದೆ. ಎರಿ ನೆಲದ ಮೇಲಿನ ರಸ್ತೆ ಅಲ್ಲಲ್ಲಿ ಕುಸಿದು ಅಲೆಯಂತಾಗುತ್ತದೆ. ಮಳೆಗಾಲದಲ್ಲಿ ಎರಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಅದರ ಜೊತೆಗೆ ಏಳುತ್ತದೆ, ಬೀಳುತ್ತದೆ. ಮುಂದೆ ಕೂತ ನಮಗೆ ಅದು ತೊಟ್ಟಿಲು ತೂಗಿದಂತಿತ್ತು. ಮುದ್ದೇಬಿಹಾಳ ಇನ್ನೂ ದೂರವಿರುವಾಗಲೇ ಹಿಂದಿನಿಂದ ಹೆಂಡತಿ, “ಗಾಡಿ ನಿಂದ್ರಸ್ರಿ, ಕೂಸಿಗಿ ವಾಂತಿ,” ಎಂದಳು. ಅವಳು ಅದಕ್ಕೂ ಮೊದಲು ಎರಡು ಸಲ ಕೂಗಿದ್ದಳಂತೆ. ನನಗೆ ಕೇಳಿಸಿರಲಿಲ್ಲ. ನೆರಳಿನಲ್ಲಿ ನಿಲ್ಲಿಸಿ, ಮುಖ ತೊಳೆಸಿ, ಅಕ್ಕನ ಲಿಂಬೆಹಣ್ಣು ಮೂಸಲು ಕೊಟ್ಟೆವು.

ಮುದ್ದೇಬಿಹಾಳದಲ್ಲಿ ಅಕ್ಕನ ಹಳೆಯ ಮನೆಯಲ್ಲಿ ಈಗ ಅವಳ ಮೈದುನನ ಮಕ್ಕಳಿದ್ದಾರೆ. ಹೊಸ್ತಿಲ ಹತ್ತಿರ ಅಕ್ಕ ಸುಮ್ಮನೆ ನಿಂತು ಬಾಗಿಲ ಚೌಕಟ್ಟು ಸವರಿದಳು. ಮದುವೆಯಾಗಿ ಬಂದ ದಿನ ಚಕ್ಕಡಿಯ ಹಿಂದಿನ ತುದಿಯಲ್ಲಿ ಕೂತು ಬಂದಿದ್ದೆ, ಊರು ಬಂದದ್ದೇ ತಿಳಿಯಲಿಲ್ಲ, ಬಿಟ್ಟು ಬಂದ ದಾರಿಯೊಂದೇ ಕಾಣುತ್ತಿತ್ತು ಎಂದಳು. ಬಿಸಿ ಜೋಳದ ರೊಟ್ಟಿಯ ಜೊತೆ ನಮ್ಮ ಬುತ್ತಿಯನ್ನೂ ಬಿಚ್ಚಿ ಎಲ್ಲರೂ ಒಟ್ಟಿಗೆ ಉಂಡೆವು. ಮಾತು ಮುಗಿಯಲಿಲ್ಲ, ಹೊರಟಾಗ ಮೂರೂವರೆ.

ಮೂರನೆಯ ಪಾಳಿಯಲ್ಲಿ ಮಗಳು ಮತ್ತು ಸಣ್ಣವ ಬಸ್ಸಿಗೆ ಹೋದರು. ಹಿಂದಿನ ಸಾಲಿನಲ್ಲಿ ಮತ್ತೆ ನನ್ನ ಹೆಂಡತಿ, ಜೊತೆಗೆ ಹನ್ನೊಂದರ ಹುಡುಗ. ಹೂವಿನ ಹಿಪ್ಪರಗಿಯ ಹೆಸರು ಕಂಡು ಅವನಿಗೆ ಗೊಂದಲ. ಸಿಂದಗಿಯ ಕಡೆ ದೇವರ ಹಿಪ್ಪರಗಿ ಎಂದಿರಲ್ಲ ಎಂದ. “ಅದು ದೇವರದು, ಇದು ಹೂವಿಂದು. ಹೂವ ತಗೊಂಡು ದೇವರ ಕಡೆ ಹೋಗೂದು,” ಎಂದಳು ಅಕ್ಕ.

ಬಸವನ ಬಾಗೇವಾಡಿ ಹನ್ನೆರಡನೆಯ ಶತಮಾನದ ಬಸವಣ್ಣನವರು ಹುಟ್ಟಿದ ಊರು. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಬಸವೇಶ್ವರ ಗುಡಿಯಲ್ಲಿ ಹಣೆ ಹಚ್ಚಿ, ಕಟ್ಟೆಯ ಮೇಲೆ ಕೂತಾಗ ನನ್ನ ಹೆಂಡತಿ ಮಕ್ಕಳಿಗೆ ಕಥೆ ಹೇಳಿದಳು. ಎಳೆಯ ಬಸವನಿಗೆ ಮನೆಯಲ್ಲಿ ಮುಂಜಿ ಮಾಡಲು ಹೊರಟರು. ಜನಿವಾರ ಅಕ್ಕನಿಗೆ ಯಾಕಿಲ್ಲ ಎಂದು ಅವನು ಕೇಳಿದ. ಹೆಣ್ಣುಮಕ್ಕಳಿಗೆ ಇಲ್ಲ ಎಂದರು. ಅಕ್ಕನಿಗೆ ಇಲ್ಲದ್ದು ತನಗೂ ಬೇಡವೆಂದು ಅವನು ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದ.

ಮೊಮ್ಮಗಳು ಕಥೆ ಕೇಳುತ್ತ ನನ್ನ ಪಾಳಿಯ ಕಾಗದ ಬಿಡಿಸಿ ನೋಡುತ್ತಿದ್ದಳು. “ಮುತ್ಯಾ, ನಿಮ್ಮ ಲೆಕ್ಕ ತಪ್ಪ್ಯಾದ,” ಎಂದಳು. ಲೆಕ್ಕ ತಪ್ಪಿದೆ ಎಂದು ನನಗೆ ಯಾರೂ ಹೇಳಿ ಎಷ್ಟೋ ವರ್ಷಗಳಾಗಿದ್ದವು. “ಆಯಿ ಒಂದು ಪಾಳಿ ಬಸ್ಸು, ಮೂರು ಪಾಳಿ ಹಿಂದಿನ ಸಾಲು. ನೀವು ನಾಕೂ ಪಾಳಿ ಡ್ರೈವರ್. ನಿಮ್ಮ ಹಿಂದಿನ ಸಾಲಿನ ಪಾಳಿ ಯಾವಾಗ?”

“ನಾ ಹಿಂದ ಕೂತ್ರ ಗಾಡಿ ಯಾರು ಹೊಡೀತಾರ?” ಎಂದು ನಕ್ಕೆ. “ನಾ ಹೊಡೀತೀನಿ ಮಾವಾರ. ಹುಬ್ಬಳ್ಯಾಗ ದಿನಾ ಹೊಡೀತೀನಿ,” ಎಂದಳು ಸೊಸೆ. ಕೇಳಿಸಲಿಲ್ಲವೆಂಬಂತೆ ಎದ್ದು ಕೀಲಿಕೈ ತೆಗೆದುಕೊಂಡೆ.

ಮಗನೂ ಹನ್ನೊಂದರ ಹುಡುಗನೂ ಬಸ್ ನಿಲ್ದಾಣಕ್ಕೆ ಹೋದರು. ಚಳಿಗಾಲದಲ್ಲಿ ನಮ್ಮ ಕಡೆ ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ. ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಬೆಳಕೂ ಅಲ್ಲ, ಕತ್ತಲೂ ಅಲ್ಲದ ಹೊತ್ತು. ಎದುರಿನಿಂದ ಬಂದ ಲಾರಿಯ ದೀಪ ಕಣ್ಣಿಗೆ ಹೊಡೆಯಿತು. ಅದು ದಾಟಿ ಹೋದ ಮೇಲೂ ನನ್ನ ಕಣ್ಣಲ್ಲಿ ಬಿಳಿ ಮಬ್ಬು ಉಳಿದಿತ್ತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಂಜಾಗುತ್ತದೆ, ದೀಪದ ಹೊಡೆತದಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಇದು ನನಗೆ ಗೊತ್ತಿತ್ತು, ಆದರೆ ನನ್ನ ಕಣ್ಣಿನ ಮಾತಲ್ಲ ಎಂದುಕೊಂಡಿದ್ದೆ.

“ಮಾವಾರ! ಟ್ರ್ಯಾಕ್ಟರ್!” ಎಂದು ಸೊಸೆ ಕೂಗಿದಳು.

ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ನಮ್ಮ ಮುಂದೆಯೇ ಹೋಗುತ್ತಿತ್ತು. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಇಳಿಬಿದ್ದ ಕಬ್ಬಿನ ತುದಿಗಳಷ್ಟೇ. ಬ್ರೇಕಿನ ಮೇಲೆ ನಿಂತೆ. ಗಾಡಿ ಕಿರುಚಿ ನಿಂತಾಗ ಮುಂದಿನ ಗಾಜಿಗೂ ಕಬ್ಬಿಗೂ ಎರಡು ಮಾರು ದೂರ. ಬೆಲ್ಟುಗಳು ಏಳು ಮಂದಿಯನ್ನೂ ಹಿಡಿದುಕೊಂಡವು. ತೊಡೆಯ ಮೇಲೆ ಒಂದು ಕೂಸಿದ್ದಿದ್ದರೆ ಎಂಬ ಯೋಚನೆ ಇಂದಿಗೂ ರಾತ್ರಿ ಎಚ್ಚರವಾದಾಗ ಬರುತ್ತದೆ.

ಶಾಲೆಯ ಮಕ್ಕಳು ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನನ್ನ ಕಣ್ಣು ತಡಮಾಡಿದ ಪ್ರತಿ ಸೆಕೆಂಡೂ 17 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಡಿಯನ್ನು ಬದಿಗೆ ಹಾಕಿ, ಇಳಿದು, ಕೀಲಿಕೈಯನ್ನು ಸೊಸೆಯ ಕೈಗೆ ಕೊಟ್ಟೆ. ಅಕ್ಕ, “ನಾ ನಡುವಿನ ಸಾಲಿನ್ಯಾಗ ತುಸು ಒರಗ್ತೀನಿ. ನೀ ಮುಂದ ಕೂಡು ಬಾರವ್ವಾ,” ಎಂದು ನನ್ನ ಹೆಂಡತಿಗೆ ಹೇಳಿದಳು. ಉಳಿದದ್ದು ಹಿಂದಿನ ಸಾಲು.

ನಡುವಿನ ಸೀಟು ಮಡಚಿ, ಬಗ್ಗಿ, ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎಳೆದುಕೊಂಡೆ. ಮಂಡಿಗಳು ಎದೆಯ ಹತ್ತಿರ ಬಂದವು. ಆ ಸೀಟು ಹಿಂದಿನ ಚಕ್ರಗಳ ಮೇಲೆಯೇ ಇರುತ್ತದೆ. ಮುಂದಿನವರಿಗೆ ತೊಟ್ಟಿಲಾಗುವ ತಗ್ಗು ಇಲ್ಲಿ ಬೆನ್ನಿಗೆ ಗುದ್ದು. ತಂಪು ಗಾಳಿ ಇಲ್ಲಿಯವರೆಗೆ ಬರುವಷ್ಟರಲ್ಲಿ ಸೋತಿರುತ್ತದೆ. ರಸ್ತೆ ಕಾಣುವುದಿಲ್ಲ, ಮುಂದಿನವರ ತಲೆಗಳು ಮಾತ್ರ. ಯಾವ ತಿರುವು, ಯಾವ ಉಬ್ಬು ಬರುತ್ತದೆಂದು ಕಾಣದಿದ್ದಾಗ ಮೈ ಅದಕ್ಕೆ ಸಿದ್ಧವಾಗುವುದಿಲ್ಲ. ಸಣ್ಣವನಿಗೆ ವಾಂತಿ ಯಾಕೆ ಆಯಿತೆಂದು ಆಗ ತಿಳಿಯಿತು. ಮುಂದೆ ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. “ಏನಂದ್ರಿ?” ಎಂದು ಕೇಳಿದೆ. ನನ್ನ ಮಾತು ಯಾರಿಗೂ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಸಣ್ಣವ, “ಮುತ್ಯಾ, ಇಲ್ಲಿಂದ ಕೇಳ್ಸೂದಿಲ್ಲ,” ಎಂದು ಅನುಭವಸ್ಥನಂತೆ ಹೇಳಿದ.

ಸೊಸೆ ಪ್ರತಿ ಉಬ್ಬಿಗೂ ಮೊದಲೇ ವೇಗ ಇಳಿಸುತ್ತಿದ್ದಳು. ಸ್ವಲ್ಪ ದೂರಕ್ಕೊಮ್ಮೆ ಕನ್ನಡಿಯಲ್ಲಿ ನೋಡಿ, “ಹಿಂದ ಹ್ಯಾಂಗದೀರಿ?” ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಇಡೀ ದಿನದಲ್ಲಿ ನಾನು ಆ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಸೀಟಿನಿಂದ ನನ್ನ ಹೆಂಡತಿ ತಿರುಗಿ ಏನೋ ಹೇಳಿದಳು. ನಡುವಿನ ಸಾಲಿನಿಂದ ಮೊಮ್ಮಗಳು ಅದನ್ನು ನನಗೆ ಮುಟ್ಟಿಸಿದಳು: “ಮುಂದಿನಿಂದ ದಾರಿ ಇಷ್ಟ್ ಚಂದ ಕಾಣ್ತದಂತ ಗೊತ್ತೇ ಇರಲಿಲ್ಲ ಅಂತಾಳ ಆಯಿ.” ನನಗೆ ಉತ್ತರ ಹೊಳೆಯಲಿಲ್ಲ. ಚಕ್ಕಡಿ, ಜೀಪು, ಬಾಡಿಗೆ ಗಾಡಿ, ಎಲ್ಲದರಲ್ಲೂ ನಾನು ಮುಂದೆ ಕೂತಿದ್ದೆ, ಅವಳು ಮಕ್ಕಳ ಜೊತೆ ಹಿಂದೆ. ಅದನ್ನು ನಾನು ಯಾವ ವಹಿಯಲ್ಲೂ ಬರೆದಿರಲಿಲ್ಲ.

ಇಂಡಿ ಮುಟ್ಟಿದಾಗ ರಾತ್ರಿಯಾಗಿತ್ತು. ಮಗ, ಮೊಮ್ಮಗ ಬಸ್ಸಿನಲ್ಲಿ ಬಂದಿಳಿದ ಮೇಲೆ ಒಂಬತ್ತು ತಲೆ ಎಣಿಸಿ ಬಾಗಿಲು ಹಾಕಿದೆವು.

ಬರುವ ರಜೆಗೆ ಕೂಡಲಸಂಗಮಕ್ಕೆ ಹೋಗುವುದೆಂದು ಈಗಾಗಲೇ ಗೊತ್ತಾಗಿದೆ. ಪಾಳಿಯ ಕಾಗದ ಈ ಸಲ ಮೊಮ್ಮಗಳ ಅಕ್ಷರದಲ್ಲಿದೆ. ಹುಬ್ಬಳ್ಳಿಯಿಂದ ಅದರ ಫೋಟೊ ಕಳಿಸಿದ್ದಾಳೆ. ಮುಂದಿನ ಸೀಟು: ಆಯಿ. ಬಸ್ಸು: ಮುತ್ಯಾ ಮತ್ತು ಸಣ್ಣವ. ಹಿಂದಿನ ಸಾಲು: ಎಲ್ಲರಿಗೂ ಒಂದೊಂದು ಪಾಳಿ, ದೊಡ್ಡ ಆಯಿಯೊಬ್ಬಳನ್ನು ಬಿಟ್ಟು. ಡ್ರೈವರ್ ಖಾನೆಯಲ್ಲಿ ಮೂರು ಹೆಸರುಗಳಿವೆ. ನನ್ನ ಹೆಸರಿನ ಮುಂದೆ ಸಣ್ಣಕ್ಷರದಲ್ಲಿ, “ಹಗಲಿನ್ಯಾಗ ಅಷ್ಟೇ” ಎಂದಿದೆ.

ಲೆಕ್ಕ ಎರಡು ಸಲ ತಾಳೆ ನೋಡಿದೆ. ತಪ್ಪಿಲ್ಲ.